ಕರೆಂಟು ತೆಗೆಸಿದವರು

ನಾನು ನಿಂತಿದ್ದದ್ದು ಪಂಪ್‌ಹೌಸಿನ ಹೊಸ್ತಿಲ ಮೇಲೆ. ತೊಂಬತ್ತರ ದಶಕದ ಕೊನೆಯ ಒಂದು ಮಾರ್ಚ್, ಊಟಕ್ಕೆ ಮುಂಚಿನ ಬಿಸಿಲು. ಗುಡ್ಡದ ಬುಡದಲ್ಲಿ ಪೈಪು ತಿರುಗುವ ಜಾಗ ಅಲ್ಲಿಂದ ಸ್ಪಷ್ಟವಾಗಿ ಕಾಣುತ್ತಿತ್ತು. ಸಾರ್ ಅಲ್ಲಿ ಕುಕ್ಕರಗಾಲಿನಲ್ಲಿ ಕೂತು, ಅಂಗೈಯನ್ನು ಪೈಪಿನ ಮೇಲಿಟ್ಟಿದ್ದರು, ಮಗುವಿನ ಜ್ವರ ನೋಡುವವರ ಹಾಗೆ. ಅಗಲವಾದ ಅಂಗೈ, ಗಿಡ್ಡ ಬೆರಳು, ಉಗುರಿನ ಸಂದಿಯಲ್ಲಿ ಎಂದೂ ಹೋಗದ ಗ್ರೀಸು.

ಶಿರಸಿಯಲ್ಲಿ, ಔಷಧಿ ಅಂಗಡಿಯೊಂದರ ಮಾಳಿಗೆಯ ಮೇಲೆ ನಮ್ಮ ಕನ್ಸಲ್ಟಿಂಗ್ ಕಚೇರಿ. ಸಾರ್ ಅಲ್ಲಿಯ ಹಿರಿಯ ಮೆಕ್ಯಾನಿಕಲ್ ಇಂಜಿನಿಯರು, ನಾನು ಅವರ ಕೈಕೆಳಗಿನವನು. ಸಿದ್ದಾಪುರದ ಅಕ್ಕಿ ಗಿರಣಿ, ಯಲ್ಲಾಪುರದ ಮರ ಕೊಯ್ಯುವ ಸಾಮಿಲ್ಲು, ಎಲ್ಲಿಯದಾದರೂ ನಕ್ಷೆ ನಮ್ಮದು, ಕಟ್ಟುವವರು ಬೇರೆಯವರು, ಕೆಟ್ಟರೆ ಹೆಸರು ಮತ್ತೆ ನಮ್ಮದು. ಬಸ್ಸಿನಲ್ಲಿ ಕೂತೊಡನೆ ಅವರಿಗೆ ನಿದ್ದೆ ಹತ್ತುತ್ತಿತ್ತು. ಇಳಿಯುವಾಗಲೂ ಆ ದಣಿವು ಮುಖದಲ್ಲಿ ಹಾಗೇ ಇರುತ್ತಿತ್ತು.

ಅವರದೊಂದು ಕಟ್ಟಳೆ. ಯಾವ ಪಂಪನ್ನೂ ಊರಿಗೆ ಒಪ್ಪಿಸುವ ಮೊದಲು, ನೀರು ಪೂರ್ತಿ ಏರುತ್ತಿರುವಾಗಲೇ ಕರೆಂಟು ತೆಗೆಸುತ್ತಿದ್ದರು. ಏರುತ್ತಿದ್ದ ನೀರು ಹಿಂದಕ್ಕೆ ಬಂದು ಪೈಪಿಗೆ ಗುದ್ದುತ್ತದೆ. ಆ ಗುದ್ದನ್ನು ತಾಳಿದರೆ ಮಾತ್ರ ಅವರ ಸಹಿ. "ನಮ್ಮ ಕಡೆ ಕರೆಂಟು ಹೇಳಿಕ್ಕಿ ಹೋಗ್ತಿಲ್ಲೆ, ತಮಾ" ಎನ್ನುತ್ತಿದ್ದರು.

ಎಕ್ಕಂಬಿಯಿಂದಾಚೆಯ ಆ ಊರಿನಲ್ಲಿ ಮರುದಿನವೇ ಉದ್ಘಾಟನೆ. ಚಪ್ಪರ ಹಾಕಿದ್ದು ಆ ತಿರುವಿನ ಪಕ್ಕದಲ್ಲೇ, ಹೊಸ ನಲ್ಲಿಯ ಎದುರಿಗೆ. ನೀರಿನ ಸಮಿತಿಯ ಅಧ್ಯಕ್ಷರಿಗೆ ಪರೀಕ್ಷೆ ಬೇಡವಾಗಿತ್ತು. "ನೀರು ಮ್ಯಾಲೆ ಬಂತಲ್ರಿ ಸಾಹೇಬ್ರ. ಓಡೋ ಎತ್ತಿನ ಕಾಲು ಕಟ್ಟಿ ನೋಡ್ತೀರೇನು?" ಎಂದರು. ನಿಂತವರೆಲ್ಲ ನಕ್ಕರು. ಸಾರ್ ತಿರುವಿನ ಕಡೆ ನಡೆದರು. ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡಿದ್ದ ಇಬ್ಬರು ಹೆಂಗಸರನ್ನು ಗದರಿ ದೂರ ಕಳಿಸಿದರು. ಅವರು ಯಾರಿಗಾದರೂ ದನಿಯೇರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಪೈಪಿನ ಪಕ್ಕ ಕೂತು ಮುಟ್ಟಿ ನೋಡಿದರು. ಆಮೇಲೆ ಪಂಪ್‌ಹೌಸಿನ ಕಡೆ ಕೈಯೆತ್ತಿ, ಹಿಂದೆ ಸರಿಯಲು ಎದ್ದರು. ನನ್ನ ಬೆನ್ನ ಹಿಂದಿದ್ದ ಆಪರೇಟರು ಅದನ್ನು ನೋಡಿ ಸ್ವಿಚ್ಚು ಎಳೆದ.

ಮೊದಲು ಸದ್ದಿಲ್ಲ. ನಂತರ ಬಂಡೆ ಸೀಳಿದಂಥ ಸದ್ದು. ತಿರುವಿನಲ್ಲಿ ಪೈಪು ಮಣ್ಣು ಕಿತ್ತುಕೊಂಡು ಮೇಲೆದ್ದಿತು. ಚಪ್ಪರದ ಕಂಬಗಳು ಮುರಿದವು. ಸಾರ್ ನೀರಿನೊಳಗೆ ಬಿದ್ದಿದ್ದರು, ಮೊಣಕಾಲು ಹೊರಳಿತ್ತು. ಪೈಪನ್ನು ಅಲ್ಲಿ ಹಿಡಿದಿರಬೇಕಿದ್ದ ಕಾಂಕ್ರೀಟು ದಿಮ್ಮಿಯನ್ನು ಗುತ್ತಿಗೆದಾರರು ನಕ್ಷೆಯ ಅಳತೆಯ ಅರ್ಧಕ್ಕೆ ಕಟ್ಟಿದ್ದರು. ಅದು ಎರಡು ಹೋಳಾಗಿ ಬಿದ್ದದ್ದನ್ನು ನಾನು ಕಂಡೆ.

ದಿಮ್ಮಿ ಮತ್ತೆ ಕಟ್ಟಿದರು, ಉದ್ಘಾಟನೆಯೂ ಆಯಿತು. ನಮ್ಮನ್ನು ಕರೆಯಲಿಲ್ಲ. ಇಂಜಿನಿಯರು ಹಾಕಿಸಿದ ಪೈಪು ಮೊದಲ ದಿನವೇ ಒಡೆಯಿತೆಂಬ ಮಾತು ಮೂರು ತಾಲೂಕು ಸುತ್ತಿತು. ಪಂಪಿನ ಕೆಲಸಗಳು ಹುಬ್ಬಳ್ಳಿಯವರ ಪಾಲಾದವು. ನಡೆದದ್ದನ್ನು ಜನರಿಗೆ ತಿಳಿಸೋಣವೆಂದು ಆಸ್ಪತ್ರೆಯಲ್ಲಿ ಅವರ ಪಕ್ಕ ಕೂತು ಕೇಳಿಕೊಂಡೆ. "ಒಡಿಯೋದಿದ್ರೆ ಇವತ್ತೇ ಒಡೀಲಿ ಹೇಳೇ ನಾ ಕರೆಂಟು ತೆಗೆಸಿದ್ದಿ, ತಮಾ. ಚಪ್ಪರದಲ್ಲಿ ಜನ ಇದ್ದಿದ್ವಿಲ್ಲೆ. ಅಷ್ಟು ಸಾಕು" ಎಂದು ಗೋಡೆಯ ಕಡೆ ಹೊರಳಿದರು.

ಆ ಕಾಲು ಮತ್ತೆ ಮಡಚಲಿಲ್ಲ. ಆಮೇಲಿನ ವರ್ಷಗಳಲ್ಲಿ ಗಿರಣಿ ಕೆಲಸಕ್ಕೆ ಹೋದಲ್ಲೆಲ್ಲ ಕುರ್ಚಿ ಹಾಕಿಸಿಕೊಂಡು, ಬಗ್ಗಿ ಪೈಪು ಮುಟ್ಟುತ್ತಿದ್ದರು. ಅವರು ತೀರಿಕೊಂಡ ದಿನ ಅಂಗಳದಲ್ಲಿ ಒಬ್ಬರು, ಪೈಪು ಒಡೆಸಿದ ಇಂಜಿನಿಯರು ಇವರೇ ತಾನೆ ಎಂದು ನನ್ನನ್ನೇ ಕೇಳಿದರು. ಅದಕ್ಕೇ ಇದನ್ನು ಬರೆದೆ.

ಅಧ್ಯಕ್ಷರು ಈಗಿಲ್ಲ. ಸ್ವಿಚ್ಚು ಎಳೆದ ಆಪರೇಟರು ನಂದೊಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾನೆ. ಗದರಿಸಿಕೊಂಡ ಹೆಂಗಸರಲ್ಲಿ ಒಬ್ಬರು ಈಗಲೂ ಅದೇ ನಲ್ಲಿಯಲ್ಲಿ ನೀರು ಹಿಡಿಯುತ್ತಾರೆ.