ದೀಪದ ಹುಡುಗಿಯ ತಮ್ಮ

ಮೊಬೈಲಿನ ಒಡೆದ ಗಾಜು ಬದಲಿಸಿಕೊಳ್ಳಲು ಹೋಗಿದ್ದ ರಿಪೇರಿ ಅಂಗಡಿಯಲ್ಲಿ ಮೊನ್ನೆ ಯಾರದೋ ಹಳೆಯ ಗೇಮ್ ಪೆಟ್ಟಿಗೆಯ ಮುಚ್ಚಳ ಬಿಚ್ಚಿ ಇಟ್ಟಿದ್ದರು. ಸರಿಯಾಯಿತೋ ಇಲ್ಲವೋ ನೋಡಲು ಕರೆಂಟು ಕೊಟ್ಟರು. ಸ್ವಲ್ಪ ಹೊತ್ತಿಗೆ ಅದರ ಒಳಗಿನಿಂದ ಕಾದ ಧೂಳಿನ ವಾಸನೆ ಬಂತು. ನಮ್ಮ ಬಳ್ಳಾರಿಯ ಧೂಳಿಗೆ ಮೊದಲೇ ಒಂದು ಖಾರ ಇದೆ, ಪ್ಲಾಸ್ಟಿಕ್ಕಿನ ಹೊಟ್ಟೆಯಲ್ಲಿ ಕುಳಿತು ಕಾದರೆ ಕೇಳುವುದೇ ಬೇಡ. ನನಗೆ ತಟ್ಟನೆ ಪಾರ್ವತಿನಗರದ ನಮ್ಮ ಓಣಿ, ಅರ್ಧ ಇಳಿಸಿದ ಶೆಟರು, ಅದರ ಹಿಂದೆ ಕುರ್ಚಿಯ ಮೇಲೆ ಕಾಲು ಮಡಚಿ ಕುಳಿತ ಅಂಗಡಿ ಅತ್ತಿ ಕಂಡರು...

ಅವರು ನಮಗೆ ಯಾವ ಸಂಬಂಧದಲ್ಲೂ ಅತ್ತಿಯಲ್ಲ, ಎದುರು ಮನೆಯವರು. ಹುಟ್ಟಿದ್ದು ಸಿರುಗುಪ್ಪ, ಕೊಟ್ಟಿದ್ದು ಕುರುಗೋಡಿಗೆ. ಗಂಡ ಬಳ್ಳಾರಿಗೆ ಬಂದು ಮನೆಯ ಮುಂದಿನ ಕೋಣೆಯಲ್ಲಿ ವಿಡಿಯೊ ಕ್ಯಾಸೆಟ್ಟಿನ ಅಂಗಡಿ ಇಟ್ಟಿದ್ದರು. ಅವರು ತೀರಿಕೊಂಡರು, ಅವರ ಹಿಂದೆಯೇ ಕ್ಯಾಸೆಟ್ಟಿನ ಕಾಲವೂ ತೀರಿತು. ಅತ್ತಿ ಅಳುತ್ತ ಕೂರುವ ಪೈಕಿ ಅಲ್ಲ. ಅದೇ ಕೋಣೆಯಲ್ಲಿ ಎರಡು ಟಿವಿ, ಎರಡು ಗೇಮ್ ಪೆಟ್ಟಿಗೆ ಇಟ್ಟು ಗಂಟೆಯ ಲೆಕ್ಕದಲ್ಲಿ ಆಡಲು ಬಿಟ್ಟರು. ಸಂಜೆಯಾದರೆ ಶಾಲೆ ಬಿಟ್ಟ ಹುಡುಗರು ಬಂದು ಕ್ರಿಕೆಟ್ಟು, ಗುದ್ದಾಟ ಆಡುತ್ತಿದ್ದರು. ಅತ್ತಿಗೆ ಎರಡೂ ಕಂಡರೆ ಆಗುತ್ತಿರಲಿಲ್ಲ. ಬಿಸಿಲಿಗೆ ಇಡೀ ಊರು ಬಾಗಿಲು ಹಾಕಿಕೊಳ್ಳುವ ಮಧ್ಯಾಹ್ನದ ಹೊತ್ತು ಶೆಟರು ಅರ್ಧ ಎಳೆದು ಅವರು ತಮ್ಮ ಆಟ ಹಾಕುತ್ತಿದ್ದರು. ಬೆಳಗಿನ ಕಾಲೇಜು ಮುಗಿಸಿದ ನಾನು ನೆಟ್ಟಗೆ ಅಲ್ಲಿಗೇ ಹೋಗುತ್ತಿದ್ದೆ. ಮನೆಯಲ್ಲಿ ಕೇಳಿದರೆ, ಅತ್ತಿಯ ಅಂಗಡಿಯ ಫ್ಯಾನು ಜೋರಾಗಿ ತಿರುಗುತ್ತದೆ ಎನ್ನುತ್ತಿದ್ದೆ.

ಆ ಸಾಹಸದ ಆಟಕ್ಕೆ ಡಬ್ಬಿಯ ಮೇಲೆ ಏನೋ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ನಮ್ಮ ಓಣಿಯಲ್ಲಿ ಅದು ‘ದೀಪದ ಹುಡುಗಿ’. ಒಬ್ಬ ಹುಡುಗಿ ಕೈಯಲ್ಲಿ ಲಾಂದ್ರ ಹಿಡಿದು ಕಳೆದುಹೋದ ತಮ್ಮನನ್ನು ಹುಡುಕುತ್ತ ಹೊರಟಿದ್ದಾಳೆ. ಒಂದೊಂದು ಭಾಗದಲ್ಲಿ ಒಂದೊಂದು ಹಾಳೂರು. ಗೋಡೆ ಹತ್ತಬೇಕು, ಕಲ್ಲು ಸರಿಸಬೇಕು, ಬಾಗಿಲಿನ ಒಗಟು ಬಿಡಿಸಬೇಕು. ಭಾಗದ ಕೊನೆಯಲ್ಲಿ ತಮ್ಮನ ಒಂದು ಗುರುತು ಸಿಗುತ್ತದೆ, ಆದರೆ ಅವನು ಅಷ್ಟರಲ್ಲಿ ಮುಂದಿನ ಊರಿಗೆ ಹೋಗಿರುತ್ತಾನೆ. ಮುಂದಿನ ಭಾಗ ಬರಲು ಎರಡೋ ಮೂರೋ ವರ್ಷ. ನಾನು ಓದು ಮುಗಿಸಿ ಕೆಲಸಕ್ಕೆ ಸೇರಿದರೂ ಆ ಹುಡುಗಿ ಹುಡುಕುತ್ತಲೇ ಇದ್ದಳು.

ನಮ್ಮಿಬ್ಬರಿಗೂ ಆ ಸರಣಿಯ ಬಗ್ಗೆ ಅಭಿಪ್ರಾಯಗಳಿಗೇನೂ ಬರವಿರಲಿಲ್ಲ. ನನ್ನ ಪ್ರಕಾರ ಎರಡನೆಯ ಭಾಗವೇ ಎಲ್ಲಕ್ಕಿಂತ ಮೇಲು. ಮರಳಿನಡಿ ಹೂತುಹೋದ ಊರು, ಒಂದು ಬಾಗಿಲೂ ಸುಲಭಕ್ಕೆ ತೆರೆಯುವುದಿಲ್ಲ, ಈಗಲೂ ನಾನು ಆ ಮಾತಿನಿಂದ ಹಿಂದೆ ಸರಿಯುವವಳಲ್ಲ. ಅತ್ತಿಗೆ ನಾಲ್ಕನೆಯದೆಂದರೆ ಪ್ರಾಣ. ಕೆರೆಯೊಳಗೆ ಮುಳುಗಿದ ಅರಮನೆಯ ಆ ಭಾಗವನ್ನು ಎಲ್ಲ ಅಭಿಮಾನಿಗಳೂ ಬೈಯುತ್ತಾರೆ. ಈಜಿ ಈಜಿ ಸಾಕಾಗುತ್ತದೆ, ಮೇಲೆ ಯಾವುದು ಕೆಳಗೆ ಯಾವುದು ತಿಳಿಯುವುದಿಲ್ಲ. ತುಂಗಭದ್ರೆಯಲ್ಲಿ ಈಜು ಕಲಿತಿದ್ದ ಅತ್ತಿಗೆ ಅದು ತವರುಮನೆಯಿದ್ದಂತೆ. ಹುಡುಗಿ ನೀರಿಗೆ ಹಾರುವಾಗ ತೆಲುಗಿನಲ್ಲಿ “ಜಾಗ್ರತ್ತ ತಲ್ಲೀ”, ಹುಷಾರು ತಾಯೀ, ಎನ್ನುತ್ತಿದ್ದರು. ಸಿಟ್ಟು, ಮುದ್ದು ಎರಡೂ ಹೆಚ್ಚಾದಾಗ ಅವರಿಗೆ ತೆಲುಗೇ ಬರುತ್ತಿತ್ತು.

ಐದನೆಯ ಭಾಗದಲ್ಲಿ ಹುಡುಗಿಯ ಕೈಗೆ ಬಂದೂಕು ಕೊಟ್ಟಾಗ ನಾವಿಬ್ಬರೂ ಒಂದಾಗಿ ಕುದಿದೆವು.

“ಒಂದು ಕೈಯಾಗ ದೀಪ, ಒಂದು ಕೈಯಾಗ ಬಂದೂಕು. ಗೋಡಿ ಏನು ಹಲ್ಲಿಲೆ ಹಿಡಕೊಂಡು ಹತ್ತತಾಳೇನು?” ಎಂದು ಅತ್ತಿ ಕೇಳಿದರು. ಆರನೆಯ ಭಾಗದಲ್ಲಿ ಊರು ಅಳತೆ ಮೀರಿ ದೊಡ್ಡದಾಗಿ, ದಾರಿಯುದ್ದಕ್ಕೂ ಸೊಪ್ಪು, ಬೇರು ಕಿತ್ತು ಮಾರುವ ಕೆಲಸ ಹಚ್ಚಿದ್ದರು. “ತಮ್ಮನ್ನ ಹುಡುಕಾಕ ಬಂದಾಳೋ, ಸಂತಿ ಮಾಡಾಕ ಬಂದಾಳೋ?” ಎಂದು ಅತ್ತಿ ಸಿಡುಕಿದರು. ಆ ಆಟ ಮಾಡಿದವರು ಒಮ್ಮೆ ಆ ಅಂಗಡಿಗೆ ಬಂದು ಕುಳಿತಿದ್ದರೆ ಸರಣಿ ಉದ್ಧಾರವಾಗುತ್ತಿತ್ತು ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ಒಂದೇ ಒಂದು ಜಾಗದಲ್ಲಿ ಅತ್ತಿ ಆಡಲು ಒಪ್ಪಲಿಲ್ಲ. ಮೂರನೆಯ ಭಾಗದ ಗುಹೆಯಲ್ಲಿ ದೊಡ್ಡದೊಂದು ಕಲ್ಲಿನ ಬಸವ, ಅದರ ಹಣೆಯಲ್ಲಿ ಕೆಂಪು ಹರಳು. ಹರಳು ಕಿತ್ತರೆ ಮಾತ್ರ ಬಾಗಿಲು ತೆರೆಯುತ್ತದೆ. ಅತ್ತಿ ಕೈಯಲ್ಲಿದ್ದ, ಆಟ ಆಡಿಸುವ ಗುಂಡಿಗಳ ಹಿಡಿಯನ್ನು ನನ್ನ ತೊಡೆಯ ಮೇಲೆ ಹಾಕಿದರು.

“ಕುರುಗೋಡಿನ ಬಸವಣ್ಣ ಇದ್ದಂಗ ಐತಿ. ಅದರ ಹಣಿಗೆ ಕೈ ಹಾಕೂದು ನನ್ನಿಂದ ಆಗಂಗಿಲ್ಲ. ನೀ ತಗಿಯವ್ವಾ.”

ನಾನು ಕಿತ್ತು ಮುಗಿಸುವವರೆಗೂ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದರು. ಬಾಗಿಲು ತೆರೆದ ಸದ್ದಾದ ಮೇಲೆ ಗುಂಡಿಗಳನ್ನು ವಾಪಸು ಇಸಿದುಕೊಂಡು, ಹುಡುಗಿಯನ್ನು ಬಸವನ ಮುಂದೆ ನಿಲ್ಲಿಸಿ, ಬಗ್ಗುವ ಗುಂಡಿ ಒತ್ತಿ ಮೊಣಕಾಲೂರಿಸಿದರು. ಆಮೇಲೆ ಕಂಡ ಪ್ರತಿಯೊಂದು ಗುಡಿಯ ಹೊಸ್ತಿಲಲ್ಲೂ ಹಾಗೇ ಮಾಡಿಸಿದರು. ಚಪ್ಪಲಿ ಬಿಚ್ಚುವ ಗುಂಡಿ ಇಲ್ಲವಲ್ಲ ಎಂಬ ಕೊರಗು ಮಾತ್ರ ಅವರಿಗೆ ಕೊನೆಯವರೆಗೂ ಇತ್ತು.

ನಗು ಬರುತ್ತದೆ. ಆದರೆ ಅತ್ತಿ ಆ ಆಟಕ್ಕೆ ಅಂಟಿಕೊಂಡಿದ್ದಕ್ಕೆ ಕಾರಣ ಇಡೀ ಓಣಿಗೆ ಗೊತ್ತಿತ್ತು. ಅವರಿಗೂ ಒಬ್ಬ ತಮ್ಮನಿದ್ದ. ಹರೆಯದಲ್ಲಿ ಒಂದು ದಿನ ಆದೋನಿಗೆ ಹೋಗಿ ಬರುತ್ತೇನೆಂದು ಸಿರುಗುಪ್ಪದ ಮನೆಯಿಂದ ಹೊರಟವನು ಮತ್ತೆ ಬರಲಿಲ್ಲ. ಜಗಳವಿಲ್ಲ, ಕಾರಣವಿಲ್ಲ. ಹುಡುಕದ ಊರಿಲ್ಲ. ಅವನು ಬಸ್ಸಿನಿಂದ ಇಳಿದದ್ದನ್ನು ಕಂಡವರೂ ಸಿಗಲಿಲ್ಲ.

ಅವರ ಮನೆತನದಲ್ಲಿ ಹಿರಿಯರ ಅಮಾವಾಸ್ಯೆಗೆ ತೀರಿಕೊಂಡವರ ಹೆಸರಿನಲ್ಲಿ ಹೊಸ ಬಟ್ಟೆ ಇಟ್ಟು, ಅದರ ಮುಂದೆ ಎಡೆ ಮಾಡುತ್ತಿದ್ದರು. ಪೂಜೆಯಾದ ಮೇಲೆ ಆ ಬಟ್ಟೆಗಳನ್ನು ಮನೆಯವರೇ ಉಡುತ್ತಾರೆ. ತಮ್ಮನ ಹೆಸರಿನಲ್ಲೂ ಒಂದು ಜೊತೆ ಇಡೋಣ ಎಂದು ಸಿರುಗುಪ್ಪದಲ್ಲಿದ್ದ ಅಣ್ಣ ಪ್ರತಿ ವರ್ಷ ಫೋನು ಮಾಡುತ್ತಿದ್ದರು. ಹೋದವನಾಗಿದ್ದರೆ ಎಡೆಯಿಲ್ಲದೆ ಹಸಿದಿರುತ್ತಾನೆ ಎಂಬುದು ಅವರ ಸಂಕಟ. ಇಟ್ಟರೆ ಅವನು ಸತ್ತನೆಂದು ನಾವೇ ಒಪ್ಪಿದ ಹಾಗೆ ಎಂಬುದು ಅತ್ತಿಯ ಸಂಕಟ. ತಂಗಿ ಹೂಂ ಅನ್ನದೆ ಅಣ್ಣ ಮುಂದುವರಿಯುವವರಲ್ಲ, ಹೂಂ ಅನ್ನಲು ಅತ್ತಿಗೆ ಬಾಯಿ ಬರುತ್ತಿರಲಿಲ್ಲ.

“ಆ ಹುಡುಗಿ ಇನ್ನಾ ಹುಡುಕಾಕತ್ತಾಳ ಅಣ್ಣಾ. ಆಕಿ ಕೈ ಬಿಡಲಿ, ಆಮ್ಯಾಲ ನಾನೂ ಬಿಡ್ತೀನಿ,” ಎಂದು ನಗುತ್ತ ಫೋನಿಟ್ಟುಬಿಡುತ್ತಿದ್ದರು. ಅಣ್ಣನಿಗೆ ಯಾವ ಹುಡುಗಿ ಎಂದು ತಿಳಿದಿತ್ತೋ ಇಲ್ಲವೋ... ಆ ನಗು ಆಚೆ ಕಡೆಗೆ ಹೇಗೆ ಕೇಳುತ್ತಿತ್ತೋ.

ಏಳನೆಯ ಭಾಗ ಕೊನೆಯದೆಂದು ಮೊದಲೇ ಸಾರಿದ್ದರು. ಅದು ನಮ್ಮ ಕೈಗೆ ಬರುವ ಮೊದಲೇ ನಾನು ಅಂತರ್ಜಾಲದಲ್ಲಿ ಅಭಿಮಾನಿಗಳ ಬೈಗುಳ ಓದಿ, ಕೊನೆ ಏನೆಂದು ತಿಳಿದುಕೊಂಡುಬಿಟ್ಟಿದ್ದೆ. ಕೊನೆಯನ್ನು ಯಾರೂ ಮೊದಲೇ ಹೇಳಬಾರದೆಂದು ಅತ್ತಿಯ ಕಟ್ಟಪ್ಪಣೆ. ಹಾಗಾಗಿ ಕೆಲಸಕ್ಕೆ ರಜೆ ಹಾಕಿ, ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕುಳಿತೆ. ಅಂಥ ಕಷ್ಟದ ಮಧ್ಯಾಹ್ನಗಳು ನನ್ನ ಬದುಕಿನಲ್ಲಿ ಬೇರೆ ಇಲ್ಲ.

ದೀಪದ ಹುಡುಗಿ ಸಮುದ್ರದ ದಂಡೆಯ ಊರು ತಲುಪಿದಳು. ಒಬ್ಬ ಮುದುಕಿ ಕೈಹಿಡಿದು ಕರೆದುಕೊಂಡು ಹೋಗಿ ತಮ್ಮನನ್ನು ಹೂತ ಕಲ್ಲುಗುಪ್ಪೆ ತೋರಿಸಿದಳು. ಅಲ್ಲಿ ದೀಪ ಇಡಬೇಕು. ತಾನಾಗಿ ಇಡುವುದಿಲ್ಲ, ಆಡುವವರೇ ಗುಂಡಿ ಒತ್ತಬೇಕು. ಒತ್ತುವವರೆಗೂ ಆ ಹುಡುಗಿ ಗಾಳಿಯಲ್ಲಿ ಸುಮ್ಮನೆ ನಿಂತಿರುತ್ತಾಳೆ. ಅತ್ತಿ ಗುಂಡಿಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತರು. ಈ ಸಲ ನನ್ನ ಕೈಗೆ ಕೊಡಲಿಲ್ಲ. ಬಿಸಿಲು ಇಳಿಯಿತು. ಹುಡುಗರು ಬಂದು ಶೆಟರು ಬಡಿದಾಗ “ಇವತ್ತು ಬಂದ್ ಲೇ, ಹೋಗ್ರಿ” ಎಂದರು. ಅವರು ಹೋದ ಮೇಲೆ ಕಣ್ಣು ಒರೆಸಿಕೊಂಡು ಗುಂಡಿ ಒತ್ತಿದರು.

ನನಗೆ ತಡೆಯಲಾಗಲಿಲ್ಲ. “ಇದೆಂಥಾ ಮುಕ್ತಾಯರೀ ಅತ್ತೀ? ಇಷ್ಟು ವರ್ಷ ಕಾಯಿಸಿ ಗೋರಿ ತೋರಸ್ತಾರಂದ್ರ ಮೋಸ ಅಲ್ಲೇನ್ರಿ?”

“ಸರಿ ಮಾಡ್ಯಾರ.”

“ಏನು ಸರಿರೀ?”

“ಇಲ್ಲೇ ಅದಾನ ನೋಡವ್ವಾ ಅಂತ ತೋರ್ಸಾಕ ಆಕಿಗೊಬ್ಬ ಮುದುಕಿ ಸಿಕ್ಳು. ನನಗ ಯಾರು ಬಂದು ಹೇಳಬೇಕು?”

ಆದರೂ ಮುಂದಿನ ವಾರದಿಂದಲೇ ತಮ್ಮ ಬದುಕಿರಬೇಕಿತ್ತು ಎಂದು ನಾನು, ಇದೇ ಸರಿ ಎಂದು ಅವರು. ಆ ವಾದ ನಮ್ಮಿಬ್ಬರ ನಡುವೆ ಮುಗಿಯಲೇ ಇಲ್ಲ.

ಆ ವರ್ಷ ಅಣ್ಣನ ಫೋನು ಬಂದಾಗ ಅತ್ತಿ, “ಬರ್ತೀನಿ. ಅವನ ಬಟ್ಟಿ ನಾನ ತರ್ತೀನಿ” ಎಂದರು. ಜೊತೆಗೆ ನನ್ನನ್ನೂ ಕರೆದರು. ಪೇಟೆಯಲ್ಲಿ ಒಂದು ಪ್ಯಾಂಟು, ನೀಲಿ ಗೀಟಿನ ಅಂಗಿ ತೆಗೆದುಕೊಂಡರು. ಇನ್ನೂ ದೊಡ್ಡದು, ಇನ್ನೂ ದೊಡ್ಡದು ಎಂದು ಕೇಳಿ ಕೇಳಿ ಆರಿಸಿದರು. ಅಳತೆ ತಿಳಿಯದೆ ಹಾಗೆ ಮಾಡುತ್ತಿದ್ದಾರೆ ಅಂದುಕೊಂಡೆ. ಬಸ್ಸು ತೆಕ್ಕಲಕೋಟೆ ದಾಟಿ ಭತ್ತದ ಗದ್ದೆಗಳ ನಡುವೆ ಹೋಗುವಾಗ ಆ ಪೊಟ್ಟಣ ಅವರ ತೊಡೆಯ ಮೇಲೇ ಇತ್ತು.

ಸಿರುಗುಪ್ಪದ ಮನೆಯಲ್ಲಿ ಗೋಡೆಗೆ ಸಾಲಾಗಿ ಬಟ್ಟೆ ಜೋಡಿಸಿದ್ದರು. ಅಪ್ಪನ ಧೋತರ, ಅವ್ವನ ಸೀರೆ. ಅಣ್ಣ ಪೊಟ್ಟಣ ಬಿಚ್ಚಿ ಅಂಗಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಅವರ ಮುಖ, ಎದೆ, ಎಲ್ಲವೂ ಅದರ ಹಿಂದೆ ಮುಚ್ಚಿಹೋಯಿತು.

“ಇದು ಯಾರ ಅಳತಿದು ತಂದೀಯವ್ವಾ? ಅವ ಕಡ್ಡಿ ಇದ್ದಂಗ ಇದ್ದ.”

“ಅವಾಗ ಇದ್ದ,” ಎಂದರು ಅತ್ತಿ. “ಇಷ್ಟು ವರ್ಷಕ್ಕ ಮೈ ತುಂಬಿರಂಗಿಲ್ಲೇನು? ಹೊಟ್ಟಿ ಬಂದಿರತೈತಿ.”

ಒಳಗೆ ಹೋಳಿಗೆ ಬೇಯಿಸುತ್ತಿದ್ದವರು ಬಾಗಿಲಿಗೆ ಬಂದು ನೋಡಿದರು. ಸತ್ತವನಿಗೆಂದು ತಂದ ಅಂಗಿಯನ್ನು ಅತ್ತಿ ಬದುಕಿರುವವನ ಅಳತೆಗೆ ತಂದಿದ್ದರು. ತಾವು ಹೇಳಿದ್ದೇನೆಂಬುದು ಅವರಿಗೆ ತಿಳಿದದ್ದು ಹೇಳಿದ ಮೇಲೆಯೇ. ಅಣ್ಣ ಅಂಗಿಯನ್ನು ಮಡಚಿ ಸಾಲಿಗೆ ಸೇರಿಸಿದರು. ಪೂಜೆಯಾಯಿತು, ಊಟವಾಯಿತು. ಉಳಿದ ಬಟ್ಟೆಗಳನ್ನು ಮನೆಯವರು ಉಟ್ಟರು. ಆ ಅಂಗಿ ಆ ಮನೆಯಲ್ಲಿ ಯಾರಿಗೂ ಆಗುವಂತಿರಲಿಲ್ಲ. ಅತ್ತಿ ಅದನ್ನು ಬಳ್ಳಾರಿಗೆ ವಾಪಸು ತಂದರು.

ಮುಂದಿನ ವರ್ಷದ ಅಮಾವಾಸ್ಯೆಗೆ ಅಣ್ಣ ಫೋನು ಮಾಡಿದರೂ ಅಂಗಿಯ ಮಾತೆತ್ತಲಿಲ್ಲವಂತೆ. ಆಮೇಲೆ ಹುಡುಗರ ಕೈಗೆಲ್ಲ ಮೊಬೈಲು ಬಂದು ಅಂಗಡಿ ನಿಂತಿತು. ಕೆಲವು ವರ್ಷಕ್ಕೆ ಅತ್ತಿಯೂ ಹೋದರು, ನಾಲ್ಕು ದಿನದ ಜ್ವರ, ಅಷ್ಟೇ... ಆ ಕೋಣೆಯಲ್ಲಿ ಈಗ ಜೀನ್ಸ್ ಹೊಲಿಯುವವರಿದ್ದಾರೆ. ಮಧ್ಯಾಹ್ನವೂ ಶೆಟರು ಪೂರ್ತಿ ತೆರೆದೇ ಇರುತ್ತದೆ. ನಾನು ಆ ಕಡೆ ನೋಡದೆ ಗಾಡಿ ತೆಗೆಯುತ್ತೇನೆ.

ಈ ವರ್ಷ ಆ ಕೊನೆಯ ಭಾಗವನ್ನೇ ಹೊಸ ಚಿತ್ರ, ಹೊಸ ದನಿಯಲ್ಲಿ ಮತ್ತೆ ಮಾಡಿ ಬಿಟ್ಟಿದ್ದಾರೆ. ಅಭಿಮಾನಿಗಳ ಗಲಾಟೆಗೆ ಮಣಿದು ಕೊನೆಯನ್ನೂ ಬದಲಿಸಿದ್ದಾರೆ. ಮುದುಕಿ ಈಗ ಕಲ್ಲುಗುಪ್ಪೆಗಲ್ಲ, ಒಂದು ಗುಡಿಸಲಿಗೆ ಕರೆದುಕೊಂಡು ಹೋಗುತ್ತಾಳೆ. ಒಳಗಿಂದ ತಮ್ಮ ಬರುತ್ತಾನೆ. ಅಕ್ಕ ಅಪ್ಪಿಕೊಳ್ಳುತ್ತಾಳೆ. ನಾನು ಅಷ್ಟು ವರ್ಷ ಜಗಳವಾಡಿ ಕೇಳಿದ ಮುಕ್ತಾಯ ಅಕ್ಷರಶಃ ಇದೇ. ಆದರೆ ಆ ತಮ್ಮ ಮನೆ ಬಿಟ್ಟ ದಿನ ಹೇಗಿದ್ದನೋ ಹಾಗೇ ಇದ್ದಾನೆ, ಅದೇ ಸಣ್ಣ ಕುತ್ತಿಗೆ, ಅದೇ ಮೀಸೆ ಮೂಡದ ಮುಖ. ಕಾದವರ ವರ್ಷಗಳೆಲ್ಲ ಎಲ್ಲಿ ಹೋದವು? ನನಗೆ ಸಿಟ್ಟು ಬಂತು, ಆಮೇಲೆ ಅಳು ಬಂತು. ಟಿವಿ ಆರಿಸಿದೆ. ಅತ್ತಿ ಗೆದ್ದರು, ನಾನು ಸೋತೆ ಎಂದು ಒಪ್ಪಿಕೊಳ್ಳಲು ತಯಾರಾಗಿ ಕುಳಿತಿದ್ದೇನೆ. ಒಪ್ಪಿಸಿಕೊಳ್ಳುವವರು ಎದುರು ಮನೆಯಲ್ಲಿ ಇಲ್ಲ.