ಬಾಯ್ಲರ್ ಸಂಗಣ್ಣನ ಇಬ್ಬರು ಮಕ್ಕಳು

ಅಡಿಯ ವಾಲ್ವ್ ತಿರುವಿದ ಕೂಡಲೇ 'ಘುಸ್ಸ್' ಎಂಬ ಸದ್ದು ಎದ್ದಿತು. ಬಾಯ್ಲರಿನ ತಳದಲ್ಲಿ ಕೂತಿದ್ದ ರಾಡಿನೀರು ಕುದಿಯುತ್ತಲೇ ಪೈಪಿನಿಂದ ಚಿಮ್ಮಿ, ಗೋಡೆಯಾಚೆಯ ಗುಂಡಿಗೆ ಬಿದ್ದು ಬಿಳಿ ಹಬೆಯಾಯಿತು. ವಾಸ್ಕೋದ ಅಂಚಿನಲ್ಲಿರುವ ಆ ಲಾಂಡ್ರಿಗೆ ಬೆಳಗಾಗುವುದೇ ಈ ಸದ್ದಿನಿಂದ. ಸುತ್ತಲಿನ ಹೋಟೆಲುಗಳ ಚಾದರ, ಟವೆಲುಗಳೆಲ್ಲ ಇಲ್ಲಿಗೇ ಬರುತ್ತವೆ. ಅವುಗಳನ್ನು ಒಗೆಯಲು, ಇಸ್ತ್ರಿ ಮಾಡಲು ಬೇಕಾದ ಹಬೆಯನ್ನು ಸಂಗಣ್ಣನ ಬಾಯ್ಲರು ಕೊಡುತ್ತದೆ.

ಅವನು ವಾಲ್ವ್ ಮುಚ್ಚಿ, ಗೇಜಿನ ಮುಳ್ಳು ನೋಡಿ, ಲಗುಬಗೆಯಿಂದ ಹಿಂದಿನ ಪಾಯಖಾನೆಗೆ ನಡೆದ. ಗೋಡೆಗೆ ಅಂಗೈ ಊರಿ ನಿಂತ. ನಿಂತೇ ನಿಂತ. ಅಷ್ಟು ದೊಡ್ಡ ಯಂತ್ರವನ್ನು ಒಂದು ಕೈತಿರುವಿಗೆ ಹಗುರ ಮಾಡುವವನಿಗೆ ತನ್ನ ಕಿಬ್ಬೊಟ್ಟೆಯ ಭಾರ ಇಳಿಸಲು ಆಗುತ್ತಿರಲಿಲ್ಲ. ನಾಲ್ಕು ಹನಿ ಬಿದ್ದವು. ಆಮೇಲೆ ಬರೀ ಉರಿ.

"ಆತೇನ್ರಿ? ದವಾಖಾನಿಗೆ ಹೊತ್ತಾತು!" ಹೊರಗಿನಿಂದ ಹೆಂಡತಿ ಫಕೀರವ್ವ ಕೂಗಿದಳು. ಅವಳೂ ಅಲ್ಲೇ ಚಾದರ ಮಡಚುವ ಕೆಲಸದವಳು.

"ಆಗೂದಿದ್ರ ದವಾಖಾನಿಗೆ ಯಾಕ ಹೋಗತಿದ್ದೆ?" ಎಂದು ಒಳಗಿನಿಂದ ಸಂಗಣ್ಣ ಗದರಿದ. ಚಾದರ ಮಡಚುತ್ತಿದ್ದ ಹೆಂಗಸರು ಕಿಸಕ್ಕನೆ ನಕ್ಕಿದ್ದು ಅವನಿಗೂ ಕೇಳಿಸಿತು.

ನರಗುಂದದ ಕಡೆಯಿಂದ ಸಂಗಣ್ಣ ಗೋವೆಗೆ ಬಂದಾಗ ಮೀಸೆ ಆಗಷ್ಟೇ ಚಿಗುರಿತ್ತು. ಮೊದಲು ಗಾರೆ ಹೊತ್ತ, ಆಮೇಲೆ ಬಂದರಿನಲ್ಲಿ ಮೂಟೆ ಹೊತ್ತ, ಕೊನೆಗೆ ಬಾಯ್ಲರಿನ ಮುಂದೆ ಬಂದು ನಿಂತ. ಅಪ್ಪ ತೀರಿಕೊಂಡಿದ್ದರಿಂದ ತಂಗಿಯರ ಮದುವೆಗಳೆಲ್ಲ ಅವನ ಹೆಗಲಿಗೇ ಬಿದ್ದವು. ಕೊನೆಯ ತಂಗಿಯನ್ನು ಗಂಡನ ಮನೆಗೆ ಕಳಿಸಿ ತಿರುಗಿ ನೋಡಿದಾಗ ತನ್ನ ಕಿವಿಯ ಬಳಿ ಕೂದಲು ನರೆತಿತ್ತು. ಫಕೀರವ್ವ ಅವನಿಗಿಂತ ತುಂಬಾ ಚಿಕ್ಕವಳು. ಮದುವೆಯಾಗಿ ಏಳೆಂಟು ವರ್ಷವಾದರೂ ಮಡಿಲು ತುಂಬಲಿಲ್ಲ. ಹೋದ ವರ್ಷ ಬಸುರಿಯಾದಳು, ಮೂರನೇ ತಿಂಗಳಲ್ಲಿ ಇಳಿದುಹೋಯಿತು. ಅತ್ತು ಮುಗಿಸಿದ ಮೇಲೆ ಅವಳು ಒಂದೇ ಮಾತು ಹೇಳಿದ್ದಳು: "ನಿಂತಿತ್ತಲ್ರಿ. ಒಮ್ಮೆ ನಿಂತದ್ದು ಇನ್ನೊಮ್ಮೆ ನಿಂದರತೈತಿ." ಅಂದಿನಿಂದ ಅವಳು ಆ ಮಾತಿನ ಮೇಲೇ ಬದುಕುತ್ತಿದ್ದಳು. ಅವನೂ ಅಷ್ಟೆ.

ಆದರೆ ಹೊರಗಿನವರಿಗೆ ಅವರು ಇಬ್ಬರು ಮಕ್ಕಳ ತಂದೆತಾಯಿ. ಊರಿಗೆ ಹೋಗುವ ರೈಲಿನಲ್ಲಿ ಯಾರಾದರೂ "ಮಕ್ಕಳೆಷ್ಟು?" ಎಂದು ಕೇಳುತ್ತಿದ್ದರು. "ಇಲ್ಲ" ಎಂದರೆ ಒಬ್ಬರು ಹರಕೆ ಹೇಳುತ್ತಿದ್ದರು, ಒಬ್ಬರು ಬೇರು ಹೇಳುತ್ತಿದ್ದರು, ಇನ್ನೊಬ್ಬರು ಲೋಂಡಾ ಸ್ಟೇಷನ್ ದಾಟುವವರೆಗೂ ಫಕೀರವ್ವನ ಹೊಟ್ಟೆಯನ್ನೇ ನೋಡುತ್ತಿದ್ದರು. ಒಂದು ಸಲ ಸಂಗಣ್ಣ ಬೇಸತ್ತು "ಎರಡು" ಎಂದುಬಿಟ್ಟ. ರೈಲು ಡಬ್ಬಿಯಲ್ಲಿ ಹರಕೆ, ಬೇರುಗಳ ಮಾತು ನಿಂತಿತು. ಅಷ್ಟರಲ್ಲಿ ಕಿಟಕಿಯ ಪಕ್ಕ ಕೂತಿದ್ದ ಫಕೀರವ್ವ ಮೆಲ್ಲಗೆ, "ಸಣ್ಣಾಕಿ ಭಾಳ ಹಟಮಾರಿ ನೋಡ್ರಿ" ಎಂದು ಸೇರಿಸಿದಳು. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಲಿಲ್ಲ. ಆದರೆ ಅಂದಿನಿಂದ ಪರಿಚಯವಿಲ್ಲದವರ ಮುಂದೆಲ್ಲ ಆ ಇಬ್ಬರು ಮಕ್ಕಳು ಇದ್ದೇ ಇದ್ದರು. ಅವರ ಹಾಲುಹಲ್ಲು ಬಿದ್ದವು. ಅವರು ಶಾಲೆಗೂ ಸೇರಿದರು.

ಹೋದ ವಾರ ದವಾಖಾನೆಯಲ್ಲಿ ಆಗಿದ್ದೂ ಅದೇ. ಅದಕ್ಕೆ ಕೆಲವು ತಿಂಗಳ ಹಿಂದೆ, ನೆಗಡಿಗೆಂದು ಅಂಗಡಿಯ ಗುಳಿಗೆ ನುಂಗಿದ ದಿನ ಅವನಿಗೆ ಮೂತ್ರ ಪೂರ್ತಿ ಕಟ್ಟಿ, ನಳಿಗೆ ಹಾಕಿ ತೆಗೆಸಬೇಕಾಗಿತ್ತು. ಆಮೇಲೆ ಕೊಟ್ಟ ಮಾತ್ರೆಗಳಿಂದ ಹೆಚ್ಚೇನೂ ಗುಣ ಕಾಣಲಿಲ್ಲ. ಪ್ರೊಸ್ಟೇಟ್ ಗ್ರಂಥಿ ಬೆಳೆದು ಮೂತ್ರದ ದಾರಿಯನ್ನು ಒತ್ತುತ್ತಿದೆ, ಕ್ಯಾನ್ಸರ್ ಅಲ್ಲ, ಆದರೆ ಇನ್ನು ಹೀಗೇ ಬಿಡುವಂತಿಲ್ಲ ಎಂದು ಹೋದ ವಾರ ರಘುವೀರ ಡಾಕ್ಟರು ಹಿಂದಿಯಲ್ಲಿ ತಿಳಿಸಿದರು. ದಾರಿ ಎರಡು; ಅವನಿಗೆ ಎರಡೂ ನಡೆಯುತ್ತವೆ.

ಒಂದು, ಹಬೆ. ಮೂತ್ರದ ದಾರಿಯಿಂದಲೇ ಸಣ್ಣ ಸೂಜಿ ಒಳಗೆ ಬಿಟ್ಟು, ಬೆಳೆದ ಗ್ರಂಥಿಗೆ ನೀರಿನ ಹಬೆ ಕೊಡುವುದು. ಕೆಲವೇ ನಿಮಿಷದ ಕೆಲಸ, ಅದೇ ದಿನ ಮನೆಗೆ. ಆದರೆ ಕೆಲವು ದಿನ ನಳಿಗೆ ಇರಬೇಕು. ಸುಟ್ಟ ಭಾಗ ಮೆಲ್ಲಗೆ ಕರಗುತ್ತದೆ; ಪೂರ್ತಿ ಆರಾಮ ಕಾಣಲು ವಾರಗಳು, ಒಮ್ಮೊಮ್ಮೆ ತಿಂಗಳುಗಳೇ ಬೇಕು. ಮುಂದೆ ಮತ್ತೆ ಮಾಡಿಸಬೇಕಾಗಿ ಬರಲೂಬಹುದು.

ಇನ್ನೊಂದು, ಆಪರೇಶನ್. ಬೆನ್ನಿಗೆ ಸೂಜಿ ಹಾಕಿ, ಹೊರಗೆಲ್ಲೂ ಕೊಯ್ಯದೆ ಅದೇ ದಾರಿಯಿಂದ ಒಳಗೆ ಹೋಗಿ ಗ್ರಂಥಿಯನ್ನು ಹೆರೆದು ತೆಗೆಯುವುದು. ಎರಡು ಮೂರು ದಿನ ದವಾಖಾನೆ, ಸ್ವಲ್ಪ ರಕ್ತ, ಒಂದಷ್ಟು ವಾರ ಭಾರ ಎತ್ತುವಂತಿಲ್ಲ. ಆದರೆ ನಳಿಗೆ ತೆಗೆದ ಕೂಡಲೇ ಧಾರೆ ಚೆನ್ನಾಗಿ ಬರುತ್ತದೆ, ಬಹಳ ವರ್ಷ ತಾಳುತ್ತದೆ.

ಇಷ್ಟು ಹೇಳಿ ಡಾಕ್ಟರು ಕೇಳಿದ್ದರು: "ಬಚ್ಚೇ ಕಿತನೇ?"

ಸಂಗಣ್ಣನ ಬಾಯಿ ತಾನಾಗಿಯೇ ತೆರೆಯಿತು. "ದೋ, ಸಾಬ್."

ಹಾಗಾದರೆ ಆ ಚಿಂತೆಯಿಲ್ಲ, ಆಪರೇಶನ್ನೇ ಒಳ್ಳೆಯದು, ಮನೆಯಲ್ಲಿ ಮಾತಾಡಿಕೊಂಡು ಬಾ, ಎಂದರು. ಅರ್ಧ ಇಂಗ್ಲಿಷಿನಲ್ಲಿ ಇನ್ನೂ ಏನನ್ನೋ ಹೇಳಿದರು. ಸಂಗಣ್ಣ "ಜೀ, ಜೀ" ಎಂದು ತಲೆಯಾಡಿಸಿ ಹೊರಬಂದ. ಯಾವ ಚಿಂತೆ? ವಾರವಿಡೀ ಅವನ ತಲೆಯಲ್ಲಿ ಇದೇ ಸುತ್ತುತ್ತಿತ್ತು. ಆಪರೇಶನ್ ಆದವನನ್ನು ನೋಡಿಕೊಳ್ಳಲು ಮನೆಯಲ್ಲಿ ಮಕ್ಕಳಿದ್ದಾರೆಯೇ ಎಂದು ಕೇಳಿರಬೇಕು. ಅಥವಾ ಹೆಚ್ಚುಕಡಿಮೆಯಾದರೆ ಹಿಂದೆ ಯಾರಾದರೂ ಇರಲಿ ಎಂದಿರಬಹುದು. ಆ ಎರಡನೆಯದು ಹೊಳೆದಾಗಲೆಲ್ಲ ಅವನಿಗೆ ಹಬೆಯೇ ವಾಸಿ ಅನ್ನಿಸುತ್ತಿತ್ತು. ಮರುಕ್ಷಣವೇ ಎಡಮುಂಗೈಯ ಸುಟ್ಟ ಗಾಯದ ಕಲೆ ಕಣ್ಣಿಗೆ ಬೀಳುತ್ತಿತ್ತು. ಪೈಪಿನ ಜೋಡಣೆ ಬಿಟ್ಟು ಹಬೆ ಬಡಿದ ಕಲೆ. ಅದೇ ಹಬೆಯನ್ನು ಅಂಥ ಜಾಗಕ್ಕೆ ಬಿಡುವುದೇ? ಮನಸ್ಸು ಮತ್ತೆ ಆಪರೇಶನ್ನಿಗೆ ವಾಲುತ್ತಿತ್ತು.

ಇವತ್ತು ದವಾಖಾನೆಯ ಬೆಂಚಿಗೆ ಬಂದು ಕೂರುವ ಹೊತ್ತಿಗೆ ಅವನು ಆಪರೇಶನ್ ಎಂದೇ ನಿಶ್ಚಯಿಸಿದ್ದ. ಫಕೀರವ್ವ ಕೇಸ್‌ಪೇಪರ್ ಮಾಡಿಸಲು ಹೋದಳು. ಪಕ್ಕದಲ್ಲಿ ಬಿಳಿ ಗಡ್ಡದ ಒಬ್ಬ ಹಿರಿಯ ಕೂತಿದ್ದ. ಸಂಗಣ್ಣ ಎರಡು ಸಲ ಎದ್ದು ಸಂಡಾಸಿಗೆ ಹೋಗಿ ಬಂದದ್ದನ್ನು ನೋಡಿ ಆತ ನಕ್ಕ.

"ನಮ್ಮ ಪಾರ್ಟಿನ ಅಂತ ಕಾಣತೈತಿ! ಹೋಗೂದು ಹತ್ತು ಸಲ, ಬರೂದು ಹನಿ ನೀರು. ಹೌದಲ್ಲೋ?"

"ಹೌದ್ರಿ ಕಾಕಾ," ಎಂದ ಸಂಗಣ್ಣ. ಕನ್ನಡ ಕೇಳಿ ಅವನಿಗೆ ಜೀವ ಬಂದಂತಾಯಿತು. "ನಿಮ್ಮದೇನಾತ್ರಿ?"

"ನಾ ಇಮಾಮಹುಸೇನ, ಸವಣೂರಾಂವ. ಬಂದರದ ಡಾಕ್‌ನ್ಯಾಗ ಹಡಗಿನ ಇಂಜಿನ್ ಬಿಚ್ಚೂ ಕೆಲಸ ಮಾಡತಿದ್ದೆ. ಮಳಿಗಾಲಕ್ಕ ಮೊದಲ ಆಪರೇಶನ್ ಮಾಡಿಸೇನಿ. ಈಗ ನೋಡಪಾ, ಹುಡುಗರಗತೆ! ಇವತ್ತ ಬರೇ ತೋರಿಸಿ ಹೋಗೂದು. ನಿನಗೇನಂದಾರ?"

"ಹಬಿ ಇಲ್ಲಾ ಆಪರೇಶನ್ ಅಂದಾರ್ರಿ. ತಲಿ ಕೆಟ್ಟು ಮೊಸರ ಆಗೇತಿ."

"ಮಕ್ಕಳೆಷ್ಟು?"

"ಎರಡ್ರಿ."

"ಹಂಗಾದ್ರ ಚಿಂತಿಲ್ಲ ಬಿಡು. ಆಪರೇಶನ್ ಮಾಡಿಸಿಬಿಡು."

ಸಂಗಣ್ಣ ತಿರುಗಿ ಕೂತ. "ಅಲ್ರಿ ಕಾಕಾ, ಡಾಕ್ಟರೂ ಇದನ್ನ ಅಂದ್ರು. ನನ್ನ ಉಚ್ಚಿಗೂ ಮಕ್ಕಳಿಗೂ ಏನ್ರಿ ಸಂಬಂಧ?"

ಇಮಾಮಹುಸೇನ ಅತ್ತಿತ್ತ ನೋಡಿ, ಹತ್ತಿರ ಸರಿದು ದನಿ ತಗ್ಗಿಸಿದ. "ನಿನಗ ಬಿಡಿಸಿ ಹೇಳಿಲ್ಲೇನು? ಗಂಡಸ್ತನಕ್ಕ ಏನೂ ಆಗೂದಿಲ್ಲ, ಹೆದರಬ್ಯಾಡ. ಆದ್ರ ಆಪರೇಶನ್ ಆದಮ್ಯಾಲೆ ಧಾತು, ವೀರ್ಯ ಅಂತಾರಲ್ಲ, ಅದು ಹೊರಗ ಬರೂದಿಲ್ಲ. ಹಿಂದಕ್ಕ ಹೊಳ್ಳಿ ಉಚ್ಚಿ ಚೀಲಕ್ಕ ಬೀಳತೈತಿ. ಎಲ್ಲಾರಿಗೂ ಅಲ್ಲ, ಭಾಳ ಮಂದಿಗೆ. ನನಗೂ ಹಂಗ. ನನಗೇನಪಾ, ಮೊಮ್ಮಕ್ಕಳ ಮದುವಿ ಮಾಡಾಂವ."

"ಹಬಿ ಕೊಟ್ರ?"

"ಅದರಾಗ ಆ ತ್ರಾಸ ಭಾಳ ಕಡಿಮಿ ಅಂತ. ಮಕ್ಕಳಾಗಬೇಕನ್ನಾವರಿಗೆ ಅದನ್ನ ಹೇಳತಾರ. ನಿನಗ್ಯಾಕ ಅದು? ಎರಡ ಅದಾವಲ್ಲ!"

ಕಾರಿಡಾರಿನ ಫ್ಯಾನು ತಿರುಗುತ್ತಿದ್ದರೂ ಸಂಗಣ್ಣನ ಬೆನ್ನಿನಲ್ಲಿ ಬೆವರಿಳಿಯಿತು. ಹಬೆ ಕೊಡಿಸಿದರೂ ಏಳೆಂಟು ವರ್ಷದಲ್ಲಿ ಉಳಿಯದ ಬಸಿರು ಇನ್ನು ಉಳಿಯುತ್ತದೆಂದು ಯಾರು ಹೇಳಬಲ್ಲರು? ತಿಂಗಳುಗಟ್ಟಲೆ ನರಳಿ, ಕೊನೆಗೆ ಮತ್ತೆ ಈ ಬೆಂಚಿಗೇ ಬಂದು ಕೂರಬೇಕಾದರೆ? ಆಪರೇಶನ್ ಮಾಡಿಸಿಕೊಂಡು ಸುಮ್ಮನಿದ್ದರೆ ಫಕೀರವ್ವನಿಗೆ ತಿಳಿಯುವುದೇ ಇಲ್ಲವೇನೋ. ತಿಂಗಳು ತಿಂಗಳೂ ಅವಳು ಕಾಯುತ್ತಾಳೆ. ಅವನು ನೋಡುತ್ತಾ ಇರುತ್ತಾನೆ. ಒಂದು ಎಳೆ ಹಿಡಿದರೆ ಇನ್ನೊಂದು ಜಾರುತ್ತಿತ್ತು.

ಫಕೀರವ್ವ ಕೇಸ್‌ಪೇಪರನ್ನೇ ಬೀಸಣಿಕೆ ಮಾಡಿಕೊಂಡು ಬಂದಳು. "ನಮ್ಮ ನಂಬರ್ ಇನ್ನೂ ಭಾಳ ಹಿಂದ ಐತ್ರಿ. ಆಪರೇಶನ್ ಅಂತ ಗಟ್ಟಿ ಹೇಳ್ರಿ ಮತ್ತ. ಒಳಗ ಹೋದ್ರ ನಿಮ್ಮ ಬಾಯಿ ಕಟ್ಟತೈತಿ."

"ಹಬಿ... ಕೊಡಿಸಿದ್ರ ಹೆಂಗ?"

"ಹುಚ್ಚ ಹಿಡದೈತೇನ್ರಿ? ಆ ಕೈ ನೋಡಿಕೋರಿ. ಹಸಿ ಗಾಯಕ್ಕ ಎಣ್ಣಿ ಹಚ್ಚಿದಾಕಿ ನಾನು. ನೀವು ಆರಾಮಾದ್ರ ಸಾಕು, ಮುಂದಿಂದೆಲ್ಲಾ ತಾನ ಆಗತೈತಿ." ಕೊನೆಯ ಮಾತಿಗೆ ಅವಳ ಮುಖ ತುಸು ಕೆಂಪಾಯಿತು.

"ಚಲೋ ಮಾತ ಹೇಳಿದಿ ತಂಗಿ," ಎಂದ ಇಮಾಮಹುಸೇನ. "ನಾನೂ ಅದನ್ನ ಹೇಳಾಕತ್ತಿದ್ದೆ. ದೊಡ್ಡಾಂವ ಎಷ್ಟನೇತ್ತ ಅದಾನ?"

ಫಕೀರವ್ವ ಗಂಡನ ಕಡೆ ಕಣ್ಣು ಹಾಯಿಸಿದಳು. ಸಂಗಣ್ಣ ನೆಲ ನೋಡುತ್ತಿದ್ದ. ಅವಳು ಬೆಂಚಿನ ತುದಿಗೆ ಕೂತು, ಸೆರಗು ಸರಿಮಾಡಿಕೊಂಡಳು.

"ದೊಡ್ಡಾಂವ ಎರಡನೇತ್ತ ಅದಾನ್ರಿ ಕಾಕಾ. ಊರಾಗ, ನಮ್ಮವ್ವನ ಮನ್ಯಾಗ. ಲೆಕ್ಕ ಬರೂದಿಲ್ಲ, ಹಾಡು ಹೇಳಂದ್ರ ಮುಂದ. ಸಣ್ಣಾಕಿ ಅದಾಳಲ್ರಿ, ಅಕಿ ಪೂರಾ ಇವರಗತೆ. ನೀರ ಕಂಡ್ರ ಸಾಕು, ಮೈಯೆಲ್ಲಾ ತೊಯಿಸಿಕೊಂಡ..."

ಸಂಗಣ್ಣ ಎದ್ದು ನಿಂತ.

"ಮತ್ತ ಬಂತೇನ್ರಿ?" ಎಂದು ಕೇಳಿದ ಫಕೀರವ್ವ, ಮಾತಿನ ಓಟದಲ್ಲೇ ಇಮಾಮಹುಸೇನನತ್ತ ತಿರುಗಿದಳು. "ಹೂಂ, ಏನ ಹೇಳಾಕತ್ತಿದ್ದೆ, ಮೊನ್ನೆ ಫೋನಿನ್ಯಾಗ ಏನಂದ್ಲು ಗೊತ್ತೇನ್ರಿ..."

ಅವನು ಸಂಡಾಸಿನ ಕಡೆ ತಿರುಗಲಿಲ್ಲ. ಕಾಯುತ್ತಿದ್ದವರ ಮೊಣಕಾಲುಗಳ ನಡುವೆ ದಾರಿ ಮಾಡಿಕೊಂಡು ಡಾಕ್ಟರ ಬಾಗಿಲಿನತ್ತ ನಡೆದ. "ನಂಬರ್ ಆಯ್ಲೋ ನಾ" ಎಂದು, ಸರದಿ ಇನ್ನೂ ಬಂದಿಲ್ಲವೆಂದು ಕೊಂಕಣಿಯಲ್ಲಿ ಹೇಳಿ ನರ್ಸ್ ಕೈ ಅಡ್ಡ ಹಿಡಿದಳು. ಹಿಂದೆ ಸಣ್ಣಾಕಿಯ ಮಾತಿಗೆ ಇಮಾಮಹುಸೇನ ಹೋ ಎಂದು ನಗುತ್ತಿದ್ದ. "ಹೋದ ವಾರ ಮಕ್ಕಳ ಲೆಕ್ಕ ತಪ್ಪ ಹೇಳೇನ್ರಿ, ಒಂದ ಮಾತ ಹೇಳೂದೈತ್ರಿ, ಬರೇ ಒಂದ ಮಾತು" ಎನ್ನುತ್ತ ಸಂಗಣ್ಣ ಬಾಗಿಲು ತಳ್ಳಿದ.