ಮುನಿವೆಂಕಟಮ್ಮನ ಮನೆದೇವರು

ಕೆಂಚಾರ್ಲಹಳ್ಳಿಯ ಮುನಿವೆಂಕಟಮ್ಮನ ಅಡುಗೆಮನೆಯಲ್ಲಿ, ಒಲೆಯ ಹೊಗೆಗೆ ಕಪ್ಪಾದ ಗೂಡಿನೊಳಗೆ, ಅರಿಸಿನ ಕುಂಕುಮದ ದಪ್ಪ ಲೇಪ ಹೊದ್ದು ನಾಲ್ಕಾಣೆಯಷ್ಟಗಲದ ದೇವರೊಂದು ಕೂತಿತ್ತು. ಐವತ್ತರ ದಶಕದ ಕೊನೆಗೆ ಆ ಊರಿನ ಶಾಲೆಗೆ ಚರಿತ್ರೆಯ ಮೇಷ್ಟರಾಗಿ ಹೋದ ನಾನು ಆಕೆಯ ಮನೆಯಲ್ಲೇ ಒಂದು ಕೋಣೆ ಹಿಡಿದಿದ್ದೆ. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ತಿಳಿದದ್ದನ್ನು ಹೇಳದೆ ಇರಲಾರದ ವಯಸ್ಸು.

ಯುಗಾದಿಯ ಹಿಂದಿನ ದಿನ ಆಕೆ ದೇವರನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬಿಸಿಲಿಗಿಟ್ಟಾಗ, ಹಳದಿ ಲೋಹದ ಮೇಲೆ ಒಂದು ಮುಖ ಮೂಡಿತು. ನೇರ ಮೂಗು, ಎಲೆಗಳ ಕಿರೀಟ, ಸುತ್ತಲೂ ಇಂಗ್ಲಿಷಿನಂಥ ಅಕ್ಷರ.

"ನಮ್ಮತ್ತೆಗೆ ಹೊಲದಲ್ಲಿ ಸಿಕ್ತಂತೆ ಮೇಷ್ಟ್ರೆ. ಅವತ್ತಿಂದ ಇದೇ ನಮ್ಮನೆ ದೇವ್ರು," ಎಂದಳು.

"ದೇವರಲ್ಲಮ್ಮ, ಇವನು ರೋಮಿನ ದೊರೆ ಟೈಬೀರಿಯಸ್! ಎರಡು ಸಾವಿರ ವರ್ಷದ ಅಪ್ಪಟ ಚಿನ್ನದ ನಾಣ್ಯ. ಮೆಣಸು ಕೊಳ್ಳೋಕೆ ಹಡಗಲ್ಲಿ ಬಂದಿದ್ದು," ಎಂದು ನಾನು ಅಂಗಳಕ್ಕೆಲ್ಲ ಕೇಳುವಂತೆ ಉಬ್ಬಿ ನುಡಿದೆ.

ಜಗಲಿಯಲ್ಲಿ ರೇಷ್ಮೆಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದ ಆಕೆಯ ಇಬ್ಬರು ಗಂಡುಮಕ್ಕಳ ಕತ್ತಿಗಳು ಆ ಗಳಿಗೆಯಲ್ಲೇ ನಿಂತವು. ಅಲ್ಲಿಯವರೆಗೆ ಅವರ ಪಾಲಿಗೂ ಅದು ದೇವರೇ ಆಗಿತ್ತು, ಗೆಳೆಯರೆ. ಅದನ್ನು ಚಿನ್ನ ಮಾಡಿದವನು ನಾನು.

ಜಗಳಕ್ಕೆ ತಿಂಗಳೂ ಹಿಡಿಯಲಿಲ್ಲ. ದೇವರು ಹಿರಿಮಗನ ಮನೆಗೋ ಕಿರಿಮಗನ ಮನೆಗೋ ಎಂಬ ವಾದ ತೀರದೆ, ಇಬ್ಬರೂ ಅದನ್ನು ಚಿಂತಾಮಣಿಯ ಅಕ್ಕಸಾಲಿಗನ ಬಳಿಗೆ ಒಯ್ದು ಎರಡು ಹೋಳು ಮಾಡಿಸಿದರು. ಕಿವಿಯ ಭಾಗ ಹಿರಿಯನಿಗೆ, ಮೂಗು ಬಾಯಿ ಕಿರಿಯನಿಗೆ. ಒಂದು ಹೋಳು ಉಂಗುರವಾಯಿತು, ಇನ್ನೊಂದು ಸೊಸೆಯ ಓಲೆಯಾಯಿತು. ಕಡಲು ದಾಟಿ, ಕಂಡರಿಯದ ಎಷ್ಟೋ ಕೈ ದಾಟಿ, ನಮ್ಮ ಕೆಮ್ಮಣ್ಣಿನಲ್ಲಿ ಅಷ್ಟು ಶತಮಾನ ಉಳಿದದ್ದು ಒಂದು ಉಳಿಯ ಪೆಟ್ಟಿಗೆ ಉಳಿಯಲಿಲ್ಲ. ಆ ಉಳಿಯನ್ನು ಹರಿತ ಮಾಡಿಕೊಟ್ಟದ್ದು ನನ್ನ ವಿದ್ಯೆ. ಮೌನವೂ ಒಂದು ವಿದ್ಯೆಯೆಂದು ನನಗೆ ಯಾವ ಕಾಲೇಜಿನಲ್ಲೂ ಕಲಿಸಿರಲಿಲ್ಲ.

ವರ್ಗವಾಗಿ ಶಿಡ್ಲಘಟ್ಟಕ್ಕೆ ಹೊರಟ ದಿನ ಆಕೆಯೆದುರು ನಿಂತು, "ತಪ್ಪಾಯ್ತಮ್ಮ," ಎಂದೆ.

ಆಕೆ ಬರಿದಾದ ಗೂಡಿನ ಕಡೆಗೆ ನೋಡಿದಳು. "ನೀವು ಹೇಳಿದ್ದು ಸುಳ್ಳೇನಲ್ಲ ಬಿಡಿ ಮೇಷ್ಟ್ರೆ. ಆದ್ರೆ ಇಷ್ಟು ವರ್ಷ ಕರೆದ್ರೆ ಓಗೊಡ್ತಿದ್ದ."

ಆ ದೊರೆಯ ಹೆಸರನ್ನು ಅಕ್ಷರ ಕೂಡಿಸಿ ಓದಿದವನು ನಾನು. ಆಕೆ ಅವನನ್ನು ಯಾವ ಹೆಸರಿನಿಂದ ಕರೆಯುತ್ತಿದ್ದಳೆಂದು ಮಾತ್ರ ಕೇಳಲೇ ಇಲ್ಲ.